ಚೆಂಡು ಹಿಡಿಯುವವರ ಯೋಗ್ಯತೆ

ಸಿಡ್ನಿಗೆ ಬಂದ ಮೇಲೆ ಆಫೀಸಿನಲ್ಲಿ ಯಾರಾದರೂ ನಿನ್ನ ಟೀಮ್ ಯಾವುದು ಎಂದು ಕೇಳಿದರೆ ನಾನು ಮಾತು ಮರೆಸುತ್ತೇನೆ. ಈ ದೇಶದಲ್ಲಿ ಫುಟ್‌ಬಾಲ್ ಎಂಬ ಒಂದೇ ಹೆಸರಿನಲ್ಲಿ ನಾಲ್ಕಾರು ಬಗೆಯ ಆಟಗಳಿವೆ. ಮನುಷ್ಯನಾಗಿ ಹುಟ್ಟಿದ ಮೇಲೆ ಅದರಲ್ಲಿ ಯಾವುದಾದರೂ ಒಂದರ ಯಾವುದಾದರೂ ಒಂದು ಟೀಮಿಗೆ ಅಭಿಮಾನಿ ಆಗಿರಲೇಬೇಕು ಎಂಬುದು ಇಲ್ಲಿನವರ ನಂಬಿಕೆ. ನಾನೂ ಒಂದು ಟೀಮಿನ ಅಭಿಮಾನಿಯಾಗಿದ್ದೆ. ಅದು ಮೆಲ್ಬರ್ನಿನ ಪಶ್ಚಿಮದ ಅಂಚಿನಲ್ಲಿ, ಎರಡು ಸಾವಿರದ ದಶಕದ ಕೊನೆಯ ಭಾಗದಲ್ಲಿ. ಆ ಟೀಮು ಗೆದ್ದದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಕಂಡವರನ್ನೂ ಕಂಡಿಲ್ಲ.

ಆಗ ನಾವು ಮೂವರು ವಿಂಡಮ್ ವೇಲ್‌ನಲ್ಲಿ ಒಂದು ಮನೆಯನ್ನು ರೆಂಟಿಗೆ ಹಿಡಿದಿದ್ದೆವು. ನಾನು ತುಮಕೂರಿನವನು, ಇನ್ನೊಬ್ಬ ಕೋಲಾರದವನು, ಮತ್ತೊಬ್ಬ ಧಾರವಾಡದವನು. ಮೂವರೂ ಓದಲು ಬಂದು, ಓದು ಮುಗಿಸಿ, ಪಿಆರ್‌ಗೆ, ಅಂದರೆ ಈ ದೇಶದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿಗೆ, ಅರ್ಜಿ ಹಾಕಿ ಕಾಯುತ್ತಿದ್ದವರು. ಆ ಸಬರ್ಬ್ ಕೂಡ ನಮ್ಮ ಹಾಗೇ ಕಾಯುತ್ತಿತ್ತು. ರಸ್ತೆ ಇತ್ತು, ಬೀದಿದೀಪ ಇತ್ತು, ರಸ್ತೆಗೆ ಚೆಂದದ ಹೆಸರೂ ಇತ್ತು, ಮನೆಗಳು ಮಾತ್ರ ಇನ್ನೂ ಬರಬೇಕಿತ್ತು. ಶನಿವಾರ ಬಂತೆಂದರೆ ಗಾಳಿಯ ಸದ್ದು ಕೇಳಿಕೊಂಡು ಕೂರುವುದಲ್ಲದೆ ಬೇರೆ ಕೆಲಸ ಇರಲಿಲ್ಲ.

ಪಕ್ಕದ ಮನೆಯಲ್ಲಿ ಬೆಳಗಾವಿ ಕಡೆಯ ಒಬ್ಬ ಆಂಟಿ ಇದ್ದರು. ಅಂಕಲ್‌ಗೆ ಶನಿವಾರವೂ ಡ್ಯೂಟಿ. "ನಾಕ ಗ್ವಾಡಿ ನೋಡ್ಕೋತ ಎಷ್ಟಂತ ಕೂಡೂದೋ ತಮ್ಮಾ" ಎಂದು ಆಂಟಿ ನಾವು ಎಲ್ಲಿ ಹೊರಟರೂ ಹಿಂದೆಯೇ ಹೊರಡುತ್ತಿದ್ದರು. ಒಂದು ಕೈಯಲ್ಲಿ ಮಡಚುವ ಕುರ್ಚಿ, ಇನ್ನೊಂದರಲ್ಲಿ ಒಗ್ಗರಣೆ ಹಾಕಿದ ಚುರುಮುರಿಯ ಡಬ್ಬ. ಚುರುಮುರಿ ಇರುವ ಕಾರಣಕ್ಕೆ ನಾವು ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಅಂಥ ಒಂದು ಶನಿವಾರ ಕಾರಿನಲ್ಲಿ ಹೋಗುತ್ತಿದ್ದಾಗ ದೂರದ ಮೈದಾನದಲ್ಲಿ ಹೆಲ್ಮೆಟ್ಟು, ಪ್ಯಾಡು ಹಾಕಿಕೊಂಡ ಜನ ಕಂಡರು. ಕ್ರಿಕೆಟ್ ಎಂದು ಕೋಲಾರದವನು ಕಾರು ತಿರುಗಿಸಿಯೇಬಿಟ್ಟ. ಹತ್ತಿರ ಹೋದರೆ ಎಲ್ಲರೂ ಹೆಲ್ಮೆಟ್ ಹಾಕಿದ್ದಾರೆ, ಒಬ್ಬನ ಕೈಯಲ್ಲೂ ಬ್ಯಾಟಿಲ್ಲ. "ಎಲ್ಲಾರೂ ಬ್ಯಾಟ್ಸ್‌ಮನ್ನೇ ಆದ್ರ ಬೌಲಿಂಗ್ ಯಾರ ಮಾಡ್ತಾರ?" ಎಂದು ಆಂಟಿ ಕೇಳಿದರು. ಅದು ಅಮೆರಿಕನ್ ಫುಟ್‌ಬಾಲ್ ಎಂದು ತಿಳಿಯುವಷ್ಟರಲ್ಲಿ ಆಂಟಿ ಕುರ್ಚಿ ಬಿಡಿಸಿ ಕೂತಾಗಿತ್ತು. ಕೂತ ಆಂಟಿಯನ್ನು ಎಬ್ಬಿಸುವ ಧೈರ್ಯ ನಮಗಿರಲಿಲ್ಲವಾದ್ದರಿಂದ ನಾವೂ ನೋಡಿದೆವು.

ಆಟ ಏನೂ ಕಷ್ಟದ್ದಲ್ಲ. ಒಬ್ಬ ಚೆಂಡು ಹಿಡಿದು ನಿಲ್ಲುತ್ತಾನೆ. ಎದುರಿನವರು ಅವನನ್ನು ಕೆಡವಲು ನುಗ್ಗುತ್ತಾರೆ. ಅಷ್ಟರೊಳಗೆ ಅವನು ಮುಂದೆ ಓಡಿಹೋದ ತನ್ನವರಲ್ಲಿ ಒಬ್ಬನಿಗೆ ಚೆಂಡು ಎಸೆಯಬೇಕು. ಹಿಡಿಯುವವನಿಗೆ ರಿಸೀವರ್ ಎಂದು ಹೆಸರು. ಹಿಡಿದವನು ತನ್ನನ್ನು ಯಾರಾದರೂ ಕೆಡವುವ ತನಕ ಚೆಂಡು ಅವುಚಿಕೊಂಡು ಎದುರು ತುದಿಯ ಗೆರೆಯ ಕಡೆಗೆ ಓಡುತ್ತಲೇ ಇರಬೇಕು, ಅದನ್ನು ದಾಟಿದರೆ ಪಾಯಿಂಟು. ಉಳಿದ ನಿಯಮಗಳು ನಮಗೆ ಕೊನೆಯ ತನಕ ಅರ್ಥವಾಗಲಿಲ್ಲ, ಅದರಿಂದ ನಮ್ಮ ಅಭಿಪ್ರಾಯಗಳಿಗೇನೂ ತೊಂದರೆಯಾಗಲಿಲ್ಲ. ಚೆಂಡು ಗಾಳಿಯಲ್ಲಿ ಬರುವುದು, ಒಬ್ಬ ಅದನ್ನು ಹಿಡಿಯುವುದು ಅಥವಾ ಬಿಡುವುದು, ಇಷ್ಟು ಸಾಕಿತ್ತು. ಕ್ಯಾಚ್ ವಿಷಯದಲ್ಲಿ ನಮಗೆ ಹೇಳಿಕೊಡುವವನು ಇನ್ನೂ ಹುಟ್ಟಿರಲಿಲ್ಲ.

ಅಂದಿನಿಂದ ನಮ್ಮ ಶನಿವಾರಗಳಿಗೆ ಒಂದು ಅರ್ಥ ಬಂತು. ಆಟಗಾರರ ಹೆಂಡತಿ, ತಾಯಿ, ಗೆಳತಿಯರನ್ನು ಬಿಟ್ಟರೆ ಆ ಟೀಮಿಗೆ ಅಭಿಮಾನಿಗಳೆಂದು ಇದ್ದವರು ನಾವು ನಾಲ್ವರೇ. ಆಟಗಾರರ ಹೆಸರು ಗೊತ್ತಿರಲಿಲ್ಲ, ಹಾಗಾಗಿ ಆಂಟಿಯೇ ನಾಮಕರಣ ಮಾಡಿದರು. ಒಬ್ಬ ರಿಸೀವರ್ ಎತ್ತರದ ಆಳು, ಮೋಡವನ್ನು ಮುಟ್ಟುವಂತಿದ್ದ, ಆದರೆ ಚೆಂಡು ತನ್ನ ಎದೆಗೇ ಬಂದು ಬೀಳಲಿ ಎಂದು ನಿಂತಲ್ಲೇ ನಿಲ್ಲುತ್ತಿದ್ದ. "ಹಬ್ಬಕ್ಕ ಬಂದ ಅಳಿಯಾ ನೋಡ್ರಿ ಇಂವಾ, ತಾಟಿಗೆ ಬಡಸಲಿ ಅಂತ ಕೂತಾನ" ಎಂದರು ಆಂಟಿ. ಅವನು ಅಳಿಯನಾದ. ಇನ್ನೊಬ್ಬ ಗಿಡ್ಡ, ಚುರುಕು, ಎಲ್ಲ ಚೆಂಡಿಗೂ ಹೇಗೋ ಕೈ ಮುಟ್ಟಿಸುತ್ತಿದ್ದ, ಎಲ್ಲವನ್ನೂ ಬಿಡುತ್ತಿದ್ದ. ಅವನು ಬೆಣ್ಣೆಗೈ.

ಇವರಿಬ್ಬರಲ್ಲಿ ಯಾರಿಗೆ ಹೆಚ್ಚು ಯೋಗ್ಯತೆ ಎನ್ನುವ ವಿಷಯದಲ್ಲಿ ನಮ್ಮ ಮನೆ ಎರಡು ಹೋಳಾಯಿತು.

"ಅಳಿಯಂಗೆ ಹೈಟ್ ಇದೆ, ಸ್ಪೀಡ್ ಇದೆ. ಪೊಟೆನ್ಷಿಯಲ್ ಇದೆ ಮಗಾ" ಎನ್ನುತ್ತಿದ್ದ ಕೋಲಾರದವನು. "ಸರಿಯಾದ ಕೋಚಿಂಗ್ ಸಿಕ್ಕಿದ್ರೆ ಎಲ್ಲಿಗೋ ಹೋಗ್ತಾನೆ."

"ಎಲ್ಲಿಗೋ ಆಮೇಲೆ ಹೋಗ್ಲಿ. ಮೊದಲು ಚೆಂಡಿನ ಹತ್ರ ಹೋಗೋದು ಕಲೀಲಿ" ಎನ್ನುತ್ತಿದ್ದೆ ನಾನು.

ನನ್ನದು ಬೆಣ್ಣೆಗೈ ಪಕ್ಷ. ಚೆಂಡಿಗೆ ಕೈ ಮುಟ್ಟಿಸುವವನು ಅರ್ಧ ಕೆಲಸ ಮುಗಿಸಿದ ಹಾಗೆ ಎಂಬುದು ನನ್ನ ವಾದ. ಅರ್ಧ ಬೆಂದ ಅನ್ನ ಯಾರು ಉಣ್ಣುತ್ತಾರೆ ಎಂಬುದು ಆಂಟಿಯ ಪ್ರತಿವಾದ. ವಾದ ಮೈದಾನದಲ್ಲಿ ಶುರುವಾಗಿ ಕಾರಿನಲ್ಲಿ ಬೆಳೆದು ನಮ್ಮ ಅಡುಗೆಮನೆಯಲ್ಲಿ ಕುದಿಯುತ್ತಿತ್ತು. ಒಮ್ಮೆ ನನಗೂ ಕೋಲಾರದವನಿಗೂ ಎರಡು ದಿನ ಮಾತು ನಿಂತಿತ್ತು. ಅಳಿಯನಿಗೂ ಬೆಣ್ಣೆಗೈಗೂ ಇದರ ಸುಳಿವೇ ಇರಲಿಲ್ಲ, ಅವರಿಬ್ಬರೂ ಆಟ ಮುಗಿದ ಮೇಲೆ ಒಂದೇ ಕಾರಿನಲ್ಲಿ ನಗುತ್ತ ಮನೆಗೆ ಹೋಗುತ್ತಿದ್ದರು.

ಈ ಗಲಾಟೆಯಲ್ಲಿ ಧಾರವಾಡದವನದು ಮಾತು ಕಡಿಮೆ. ಅಕೌಂಟಿಂಗ್ ಓದಿ ಚಿಕನ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಶುದ್ಧ ಶಾಕಾಹಾರಿ ಅವನು. ಆಫೀಸುಗಳಿಗೆ ಅರ್ಜಿ ಹಾಕುತ್ತಲೇ ಇದ್ದ, ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲ ಎಂಬ ಉತ್ತರ ಬರುತ್ತಲೇ ಇತ್ತು. ಕೆಲಸ ಕೊಡದೆ ಎಕ್ಸ್‌ಪೀರಿಯನ್ಸ್ ಎಲ್ಲಿಂದ ಬರುತ್ತದೆ ಎಂದು ನಾವು ಅವನ ಪರವಾಗಿ ಬೈಯುತ್ತಿದ್ದೆವು. ಅವನು ಮಾತ್ರ ಬೈಯುತ್ತಿರಲಿಲ್ಲ. ಬಿಡ್ರಿ, ಅವ್ರದ್ದೂ ಏನರ ಇರ್ತದ, ಎನ್ನುತ್ತಿದ್ದ. ಅವನ ಈ ಒಳ್ಳೆಯತನ ನೋಡಿ ನನಗೆ ಮೈ ಉರಿಯುತ್ತಿತ್ತು.

ಟೀಮಿನ ಕೋಚ್ ದಪ್ಪ ಮೀಸೆಯ ಲಾರಿ ಡ್ರೈವರ್. ನಾವು ಪ್ರತಿ ವಾರ ಬಂದು, ಅರ್ಥವಾಗದ ಭಾಷೆಯಲ್ಲಿ, ಬೆರಳು ತೋರಿಸಿ ಕಚ್ಚಾಡುವುದನ್ನು ನೋಡಿ ಇವರು ಆಟವನ್ನು ಆಳವಾಗಿ ಬಲ್ಲವರಿರಬೇಕು ಎಂದುಕೊಂಡಿದ್ದ. ಒಂದು ದಿನ ಹತ್ತಿರ ಬಂದು, ನಮ್ಮ ಹುಡುಗರ ಬಗ್ಗೆ ಏನನ್ನಿಸುತ್ತದೆ ಎಂದು ಇಂಗ್ಲಿಷಿನಲ್ಲಿ ವಿನಯದಿಂದ ಕೇಳಿದ. ಕೋಲಾರದವನು ಗಂಟಲು ಸರಿಮಾಡಿಕೊಂಡು, ಎತ್ತರದವನು ಕೊನೇ ಗಳಿಗೆಯಲ್ಲಿ ಚೆಂಡಿನಿಂದ ಕಣ್ಣು ತೆಗೆಯುತ್ತಾನೆ ಎಂದ. ನಮ್ಮೂರಿನ ಪ್ರತಿ ಪಿಟಿ ಮೇಷ್ಟ್ರೂ ಪ್ರತಿ ಹುಡುಗನಿಗೂ ಹೇಳುವ ಮಾತು ಅದು. ಕೋಚ್ ತಲೆಯಾಡಿಸಿ ಹೋಗಿ ಅದನ್ನೇ ಅಳಿಯನಿಗೆ ಹೇಳಿದ. ಆ ವಾರವಿಡೀ ಕೋಲಾರದವನ ಜೊತೆ ಬದುಕುವುದು ಕಷ್ಟವಾಯಿತು.

ಎರಡನೆಯ ಸೀಸನ್ನಿನ ಆರಂಭದಲ್ಲಿ ಅಳಿಯನಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿ ಅವನು ಟೀಮು ಬಿಟ್ಟ. ಕೋಲಾರದವನು ತನ್ನ ಮನೆಯಿಂದಲೇ ಯಾರೋ ಹೋದ ಹಾಗೆ ಮುಖ ಮಾಡಿಕೊಂಡಿದ್ದ. ಆ ವಾರದ ಅಭ್ಯಾಸದಲ್ಲಿ, ಗಾಳಿಗೆ ದಾರಿ ತಪ್ಪಿದ ಒಂದು ಚೆಂಡು ಗಿರಗಿರ ತಿರುಗುತ್ತ ನೇರ ಆಂಟಿಯ ತಲೆಯ ಕಡೆಗೇ ಬಂತು. ಪಕ್ಕದಲ್ಲಿ ಚುರುಮುರಿ ತಟ್ಟೆ ಹಿಡಿದು ನಿಂತಿದ್ದ ಧಾರವಾಡದವನು ತಟ್ಟೆ ಅಲುಗಿಸದೆ, ಬಲಗೈ ಚಾಚಿ, ಅದನ್ನು ಹಣ್ಣು ಕಿತ್ತ ಹಾಗೆ ಹಿಡಿದ. ಒಂದು ಚುರುಮುರಿ ಕಾಳೂ ಬೀಳಲಿಲ್ಲ. ಕೋಚ್ ನಡೆದು ಬಂದು ಮೊದಲು ತಟ್ಟೆಯನ್ನೂ ಆಮೇಲೆ ಇವನನ್ನೂ ನೋಡಿ, ಮಂಗಳವಾರ ಸಂಜೆ ಬಿಡುವಿದೆಯಾ ಎಂದು ಕೇಳಿದ.

ಹೀಗೆ ನಮ್ಮ ಮನೆಯವನೇ ರಿಸೀವರ್ ಆದ. ಅವನಿಗೆ ಕೊಟ್ಟ ಜರ್ಸಿ ಅಳಿಯನದ್ದು, ಮೊಣಕಾಲು ಮುಟ್ಟುತ್ತಿತ್ತು. ಅಭ್ಯಾಸದಲ್ಲಿ ಅವನದು ಎಲ್ಲರಿಗಿಂತ ಮೇಲು. ಸಾಲಾಗಿ ನಿಲ್ಲಿಸಿ ಚೆಂಡು ಎಸೆಯುತ್ತಿದ್ದರು, ಹಿಡಿದು ತಿರುಗಿ ಕೊಡಬೇಕು, ಮತ್ತೆ ಸಾಲಿಗೆ. ಒಂದನ್ನೂ ಬಿಡುತ್ತಿರಲಿಲ್ಲ. ಪಂದ್ಯಗಳಲ್ಲಿ ಮಾತ್ರ ಅವನ ಕಡೆ ಚೆಂಡೇ ಬರುತ್ತಿರಲಿಲ್ಲ. ಎಸೆಯುವವನು ಒಬ್ಬ ಪ್ಲಂಬರ್, ಒಳ್ಳೆಯವನೇ, ಆದರೆ ಅವನಿಗೆ ಅಭ್ಯಾಸ ಬಲದಿಂದ ಬೆಣ್ಣೆಗೈಯೇ ಕಾಣುತ್ತಿದ್ದ. ನಮ್ಮವನು ಜೀವ ಬಿಟ್ಟು ಓಡಿ, ಖಾಲಿ ಜಾಗ ಹುಡುಕಿ, ತಿರುಗಿ ನಿಲ್ಲುತ್ತಿದ್ದ. ಚೆಂಡು ಆ ಕಡೆ ಹೋಗಿ ಬೆಣ್ಣೆಗೈ ಅದನ್ನು ನೆಲಕ್ಕೆ ಬಿಡುತ್ತಿದ್ದ. ನಮ್ಮವನು ಮತ್ತೆ ನಡೆದುಕೊಂಡು ವಾಪಸು ಬರುತ್ತಿದ್ದ. ಅದನ್ನು ನೋಡುತ್ತ ನಾನು ಬೆಣ್ಣೆಗೈ ಪಕ್ಷಕ್ಕೆ ರಾಜೀನಾಮೆ ಕೊಟ್ಟೆ.

ಈಗ ನಮ್ಮ ಚರ್ಚೆಯ ವಸ್ತು ನಮ್ಮ ಜೊತೆಯಲ್ಲೇ ಕೂತು ಅನ್ನ ಸಾರು ಉಣ್ಣುತ್ತಿತ್ತು. ಅದು ನಮಗೆ ಅಡ್ಡಿ ಎನಿಸಲಿಲ್ಲ.

"ಹ್ಯಾಂಡ್ಸ್ ಸೂಪರ್, ಆದ್ರೆ ಸ್ಪೀಡ್ ಕಮ್ಮಿ" ಎಂದ ಕೋಲಾರದವನು.

"ಸ್ಪೀಡ್ ಇದೆ. ಜಾಗ ಮಾಡ್ಕೊಂಡು ನಿಂತಿರ್ತಾನೆ. ಎಸೆಯೋನಿಗೆ ಕಣ್ಣಿಲ್ಲ ಅಷ್ಟೇ" ಎಂದೆ ನಾನು.

"ನಾ ಇಲ್ಲೇ ಕುಂತೀನ್ರಪಾ" ಎಂದ ಅವನು.

"ನಿಂದೇನ ಕೇಳೂದೈತಿ, ನೀ ಉಣ್ಣು" ಎಂದರು ಹಪ್ಪಳ ಕೊಡಲು ಬಂದಿದ್ದ ಆಂಟಿ. ಅವರ ಪ್ರಕಾರ ಹುಡುಗನ ದೋಷ ಕೈಯಲ್ಲೂ ಇಲ್ಲ, ಕಾಲಲ್ಲೂ ಇಲ್ಲ, ಮರ್ಯಾದೆಯಲ್ಲಿದೆ. ಎದುರಾಳಿಗೆ ಭುಜ ತಾಗಿದರೆ ಸಾರಿ ಎನ್ನುತ್ತಾನೆ. ಅವರು ಇವನನ್ನು ಕೆಡವಿದರೂ ಇವನೇ ಸಾರಿ ಎನ್ನುತ್ತಾನೆ. "ಅಳದ ಕೂಸಿಗೆ ತಾಯಿನೂ ಹಾಲ ಕೊಡೂದಿಲ್ಲೋ. ಕೈ ಎತ್ತಿ ಕೇಳು. ನಂಗ ಹಾಕು ಅಂತ ಒದರು."

ಅವನು ತಟ್ಟೆ ನೋಡುತ್ತ, "ಒದರಿ ಕೇಳೂದು ನಂಗ ಬರೂದಿಲ್ರಿ ಆಂಟಿ" ಎಂದ. ಹಪ್ಪಳ ಮುರಿಯುತ್ತ, "ಒಮ್ಮೆ ಬರ್ಲಿ. ಒಂದ ಸಲ ನನ್ನ ಕಡೆ ಬಂದ್ರ ಸಾಕು" ಎಂದ. ಅಷ್ಟು ಆಸೆಯಿಟ್ಟು ಅವನು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಪಿಆರ್ ವಿಷಯದಲ್ಲೂ ಅವನು ಹಾಗೆ ಮಾತಾಡಿರಲಿಲ್ಲ.

ಕೊನೆಯ ಪಂದ್ಯ ಬಂತು. ಅಷ್ಟರಲ್ಲಿ ಗಟ್ಟಿಮುಟ್ಟಾದ ಇಬ್ಬರು ಹೊಸ ಹುಡುಗರು ಟೀಮಿನ ಬಾಗಿಲಲ್ಲಿ ನಿಂತಿದ್ದರು. ಕೋಚ್ ಮುಚ್ಚುಮರೆ ಇಲ್ಲದೆ ನಮ್ಮವನಿಗೆ ಹೇಳಿದ್ದ, ಪಂದ್ಯದಲ್ಲಿ ನೀನು ಹಿಡಿಯುವುದನ್ನು ನಾನು ಒಮ್ಮೆ ನೋಡಬೇಕು, ಇಲ್ಲವಾದರೆ ಮುಂದಿನ ವರ್ಷ ಜರ್ಸಿ ಬೇರೆಯವರಿಗೆ ಎಂದು. ಬೆಳಿಗ್ಗೆ ಅವನು ಸ್ನಾನ ಮಾಡಿ ದೇವರಿಗೆ ಊದುಬತ್ತಿ ಹಚ್ಚಿದ, ಸ್ಮೋಕ್ ಅಲಾರಂ ಕೂಗಿಕೊಂಡಿತು, ಕೋಲಾರದವನು ಟವಲು ಬೀಸಿ ಅದನ್ನು ಸುಮ್ಮನಾಗಿಸಿದ. ಆಂಟಿ ಡಬಲ್ ಡಬ್ಬ ಚುರುಮುರಿ ತಂದರು.

ಪಂದ್ಯ ಎಂದಿನಂತೆ ಸೋಲಿನ ಕಡೆಗೇ ನಡೆದಿತ್ತು, ಆದರೆ ಅಂದು ಹೇಗೋ ಅಂತರ ಕಡಿಮೆಯಿತ್ತು. ಒಂದು ಸಲ ಹಿಡಿದು ಓಡಿದರೆ ಗೆದ್ದೇಬಿಡಬಹುದು ಎನ್ನುವಷ್ಟು. ನಮಗೆ ಗೆಲುವಿನ ಅಭ್ಯಾಸವಿಲ್ಲದ್ದರಿಂದ ಚುರುಮುರಿ ತಿನ್ನುವುದನ್ನೂ ಮರೆತಿದ್ದೆವು. ಕೊನೆಗೂ ಎದುರಾಳಿಗಳೆಲ್ಲ ಬೆಣ್ಣೆಗೈಯನ್ನು ಮುತ್ತಿಕೊಂಡರು. ಪ್ಲಂಬರ್ ಅತ್ತ ನೋಡಿದ, ಇತ್ತ ನೋಡಿದ. ಇತ್ತ ನಮ್ಮವನು ಮೊಣಕಾಲುದ್ದದ ಜರ್ಸಿಯಲ್ಲಿ ಒಬ್ಬನೇ ನಿಂತಿದ್ದ, ಸುತ್ತ ನರಪಿಳ್ಳೆ ಇಲ್ಲ. ಕೈ ಎತ್ತಿರಲಿಲ್ಲ, ಕೂಗಿರಲಿಲ್ಲ. ಪ್ಲಂಬರ್ ಅವನನ್ನೇ ನೋಡಿ ಚೆಂಡು ಎಸೆದ.

ಎಸೆತ ಎತ್ತರಕ್ಕೆ ಹೋಗಿ ಗಾಳಿಗೆ ಸಿಕ್ಕಿ ಅಲ್ಲಾಡಿತು. ಅಂಥ ಚೆಂಡನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೇವೆ, ಬೌಂಡರಿ ಗೆರೆಯ ಹತ್ತಿರ ಕಾಯುವವನ ತಲೆಯ ಮೇಲೆ ಬೀಳುವ ಚೆಂಡು. ಅವನು ಕಣ್ಣು ಮೇಲಿಟ್ಟು ಹಿಂದೆ ಹಿಂದೆ ಸರಿದ. ಎರಡು ಕೈ ಜೋಡಿಸಿದ. ಚೆಂಡು ಬಂದು ಆ ಬೊಗಸೆಯಲ್ಲಿ ಕೂತಿತು. ಮುಂದೆ ಇದ್ದದ್ದು ಬರೀ ಖಾಲಿ ಹುಲ್ಲು, ಅದರಾಚೆ ಗೆಲುವಿನ ಗೆರೆ.

ಅವನು ಚೆಂಡನ್ನು ಆಕಾಶಕ್ಕೆ ಎಸೆದು, ಎರಡೂ ಕೈ ಅಗಲಿಸಿ, ನಮ್ಮ ಕಡೆಗೆ ಓಡಿಬಂದ.

ಇನ್ನು ನಮ್ಮ ಕಥೆ ಕೇಳಿ. ಕೋಲಾರದವನು ಔಟ್ ಔಟ್ ಎಂದು ಅರಚುತ್ತ ಬೆರಳೆತ್ತಿದ್ದ. ನಾನು ಗೆರೆ ದಾಟಿ ಮೈದಾನದೊಳಗೆ ನುಗ್ಗಿದ್ದೆ. ಆಂಟಿಯ ಕುರ್ಚಿ ಮಗುಚಿ, ಡಬಲ್ ಡಬ್ಬದ ಚುರುಮುರಿ ಹುಲ್ಲಿನ ಮೇಲೆ ಚೆಲ್ಲಿ, ಆಂಟಿ ಅದನ್ನೇ ತುಳಿಯುತ್ತ ಚಪ್ಪಾಳೆ ಹೊಡೆಯುತ್ತಿದ್ದರು. ನಾವು ಅವನನ್ನು ಎತ್ತಿ ಕುಣಿಯುತ್ತಿದ್ದಾಗ, ಎದುರಾಳಿ ಟೀಮಿನ ಒಬ್ಬ ಭಾರೀ ಹೊಟ್ಟೆಯವನು, ಜೀವಮಾನದಲ್ಲಿ ಚೆಂಡು ಮುಟ್ಟಿದವನಲ್ಲ ಎಂದು ಕಾಣುತ್ತದೆ, ತನ್ನ ಕಾಲ ಬಳಿ ಪುಟಿಯುತ್ತಿದ್ದ ಚೆಂಡನ್ನು ಅನುಮಾನದಿಂದ ನೋಡಿದ. ಅಂಪೈರನ್ನು ನೋಡಿದ. ಆಮೇಲೆ ಅದನ್ನು ಎತ್ತಿಕೊಂಡು ಮೈದಾನದ ಆ ತುದಿಯ ಗೆರೆ ದಾಟುವ ತನಕ ನಿಧಾನವಾಗಿ ಓಡಿದ, ಪಂದ್ಯ ಅವರದಾಯಿತು. ತಡೆಯಬೇಕಾದ ನಮ್ಮ ಟೀಮಿನವರೆಲ್ಲ ಬಾಯಿ ತೆರೆದು ನಮ್ಮನ್ನೇ ನೋಡುತ್ತ ನಿಂತಿದ್ದರು.

ಉಳಿದವರು ಯಾರೂ ಕುಣಿಯುತ್ತಿಲ್ಲ ಎಂಬುದು ನಮಗೆ ತಡವಾಗಿ ಗೊತ್ತಾಯಿತು.

ಹಿಡಿದ ಮೇಲೆ ಓಡಬೇಕೆಂದು ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಎರಡು ಸೀಸನ್ ನಾವು ಎತ್ತರದ ಬಗ್ಗೆ, ವೇಗದ ಬಗ್ಗೆ, ಬೆರಳುಗಳ ಬಗ್ಗೆ, ಮರ್ಯಾದೆಯ ಬಗ್ಗೆ ಕೂಡ ಚರ್ಚೆ ಮಾಡಿದ್ದೆವು. ಹಿಡಿದ ಮೇಲೆ ಮುಂದೇನು ಎಂದು ಒಬ್ಬರೂ ಕೇಳಿರಲಿಲ್ಲ. ಕೇಳುವ ಪ್ರಮೇಯವೂ ಬಂದಿರಲಿಲ್ಲ, ನಮ್ಮವರು ಹಿಡಿಯುವುದೇ ಅಪರೂಪ, ಹಿಡಿದ ಮರುಗಳಿಗೆ ಯಾರಾದರೂ ಬಂದು ಕೆಡವುತ್ತಿದ್ದರು. ಆಮೇಲೆ ಪಿಆರ್ ವಿಷಯದಲ್ಲೂ ನಮಗೆ ಹೀಗೇ ಆಯಿತು. ಸಿಗುವ ತನಕ ಅದೇ ಮಾತು, ಸಿಕ್ಕ ದಿನ ಕೇಕ್ ಕತ್ತರಿಸಿದೆವು, ಮಾರನೆಯ ದಿನ ಏನು ಮಾಡುವುದೆಂದು ತೋಚದೆ ಮೂವರೂ ಸೋಫಾದ ಮೇಲೆ ಕೂತಿದ್ದೆವು.

ಕೋಚ್ ಐಸ್ ಪೆಟ್ಟಿಗೆಯ ಮೇಲೆ ಕೂತು ಮೀಸೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದ. ಪ್ಲಂಬರ್ ಹೆಲ್ಮೆಟ್ ತೆಗೆದು ಬಂದು, ಅದೇನು ಮಾಡಿದೆ ಎಂದು ಕೇಳಿದ. ಕೋಪದಿಂದಲ್ಲ, ನಿಜವಾಗಿ ತಿಳಿಯುವ ಆಸೆಯಿಂದ. "ಸಾರಿ ಮೇಟ್, ಐ ಥಾಟ್ ಹೀ ವಾಸ್ ಔಟ್" ಎಂದ ನಮ್ಮವನು. ಯಾರು ಔಟ್ ಎಂದು ಪ್ಲಂಬರ್ ಕೇಳಲಿಲ್ಲ. ಅವನ ಬೆನ್ನು ತಟ್ಟಿ ಹೋದ. ಧಾರವಾಡದವನು ಜರ್ಸಿ ತೆಗೆದು, ಅಂಗಡಿಯವರು ಸೀರೆ ಮಡಚುವ ಹಾಗೆ ನೀಟಾಗಿ ಮಡಚಿ ಕೋಚ್‌ನ ಪಕ್ಕದಲ್ಲಿಟ್ಟ. ಕೋಚ್ ಇರಲಿ ಇಟ್ಟುಕೋ ಎನ್ನುತ್ತಾನೇನೋ ಎಂದು ನಾನು ಕಾದೆ. ಅವನು ಜರ್ಸಿಯನ್ನು ತೆಗೆದುಕೊಂಡು ಚೀಲಕ್ಕೆ ಹಾಕಿದ. ನನಗೆ ಆ ಮೀಸೆಯ ಮೇಲೆ ಇವತ್ತಿಗೂ ಸಿಟ್ಟಿದೆ, ಅವನು ಮಾಡಿದ್ದು ಸರಿ ಎಂದು ಗೊತ್ತಿದ್ದೂ ಸಿಟ್ಟಿದೆ.

ಕಾರಿನಲ್ಲಿ ಆಂಟಿ ಮುಂದೆ, ನಾನೂ ಅವನೂ ಹಿಂದೆ, ಕೋಲಾರದವನು ಸ್ಟೀರಿಂಗಿಗೆ ಅಂಟಿಕೊಂಡಂತೆ ಕೂತಿದ್ದ. ಎಲ್ಲರ ಯೋಗ್ಯತೆ ಅಳೆದ ನಮ್ಮ ಬಾಯಿಗಳು ಬೀಗ ಹಾಕಿದಂತಿದ್ದವು.

"ಯಾಕ ಎಲ್ಲಾರೂ ಸುಮ್ನ ಕುಂತೀರಿ" ಎಂದ ಅವನು. "ದಿನಾ ನನ್ನ ಮುಂದನ ನನ್ನ ಬಗ್ಗೆ ಮಾತಾಡ್ತಿದ್ರಲ್ಲ, ಇವತ್ತೂ ಮಾತಾಡ್ರಿ."

ಕೋಲಾರದವನು ಕನ್ನಡಿಯಲ್ಲಿ ಒಮ್ಮೆ ನೋಡಿ, "ಪೊಸಿಷನ್ ಚೆನ್ನಾಗಿತ್ತು ಮಗಾ. ಬಾಲ್ ಸಖತ್ ಸ್ವಿಂಗ್ ಆಗ್ತಿತ್ತು, ಆದ್ರೂ ಕಣ್ಣು ತೆಗೀಲಿಲ್ಲ ನೀನು" ಎಂದ.

"ಅಂವಾ ನನ್ನ ನೋಡಿನ ಎಸದಾ, ನೋಡಿದ್ರಿಲ್ಲೋ" ಎಂದ ಧಾರವಾಡದವನು. ಮುಖ ಕಿಟಕಿಯ ಕಡೆಗಿತ್ತು. "ಈ ದೇಶಕ್ಕ ಬಂದು ಇಷ್ಟ ವರ್ಷಾತು. ಹಿಡೀತಾನ ಇಂವಾ ಅಂತ ನಂಬಿ ಯಾರೂ ನನ್ನ ಕಡೆ ಏನೂ ಎಸದಿರಲಿಲ್ಲ. ಖುಷಿ ಆಗಿಬಿಡ್ತು ನಂಗ. ಅದಕ್ಕ ಓಡೂದ ಮರತೆ."

ಆಂಟಿ ಹಿಂದೆ ತಿರುಗದೆ, ಸೀರೆಯ ಮೇಲಿನ ಚುರುಮುರಿ ಕೊಡವುತ್ತ ಕೇಳಿದರು.

"ಹಿಡದಿಯೋ ಇಲ್ಲೋ?"

"ಹಿಡದೆ ಆಂಟಿ."

"ಮತ್ತೇನ್ ಹಂಗಾರ" ಎಂದರು ಆಂಟಿ.